ಹಿಮದ ಘಟ್ಟವೂ ಬ್ರೇಕಿನ ಚರಿತ್ರೆಯೂ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಸಾಗುವ ಐ-70 ಹೆದ್ದಾರಿಯು ರಾಕಿ ಪರ್ವತಗಳನ್ನು ಏರಿ ಐಸೆನ್‌ಹೋವರ್ ಸುರಂಗವನ್ನು ಹೊಕ್ಕು ಹೊರಬೀಳುತ್ತದೆ. 1973ರ ಮಾರ್ಚ್‌ನಲ್ಲಿ ಸಂಚಾರಕ್ಕೆ ತೆರೆದ ಈ ಸುರಂಗದ ಪಶ್ಚಿಮದ ಬಾಯಿ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 1,400 ಮೀಟರಿಗೂ ಹೆಚ್ಚು ಮೇಲೆ. ಅಲ್ಲಿಂದ ಸಿಲ್ವರ್‌ಥಾರ್ನ್ ಊರಿನವರೆಗೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. ಆ ಇಳಿಜಾರಿನ ಬಲಮಗ್ಗುಲಿಗೆ, ಎಲ್ಲಿಗೂ ಹೋಗದೆ ಬೆಟ್ಟದ ಮೈಯನ್ನು ಏರಿ ನಿಂತುಬಿಡುವ ಜಲ್ಲಿಯ ದಾರಿಗಳು ಕಾಣಿಸುತ್ತವೆ. ಬ್ರೇಕು ಕೈಕೊಟ್ಟ ಲಾರಿಗಳಿಗಾಗಿ ಕಟ್ಟಿದ ದಾರಿಗಳವು. ಚಳಿಗಾಲದ ರಜೆಯಲ್ಲಿ ಮಕ್ಕಳೊಡನೆ ಹಿಮ ನೋಡಲು ಹೊರಡುವ ನಮ್ಮ ಕುಟುಂಬಗಳು ಅವುಗಳನ್ನು ನೋಡಿಯೇ ಮುಂದೆ ಸಾಗುತ್ತವೆ. ಅವು ಅಲ್ಲಿಗೆ ಹೇಗೆ ಬಂದವು ಎಂಬುದರ ಹಿಂದೆ ಒಂದೂವರೆ ಶತಮಾನದ ಕಥೆಯಿದೆ.

ಪರ್ವತದ ರಸ್ತೆಯಲ್ಲಿ ಅಪಘಾತವಾದಾಗ ಬದುಕಿ ಉಳಿದವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಬ್ರೇಕು ಹಿಡಿಯಲಿಲ್ಲ.’ ವೈದ್ಯಳಾದ ನನಗೆ ಈ ಮಾತು ‘ಎದೆ ನೋವು’ ಎಂಬ ದೂರಿನಂತೆ ಕೇಳಿಸುತ್ತದೆ. ಲಕ್ಷಣ ಒಂದೇ, ಕಾಯಿಲೆ ಬೇರೆ ಬೇರೆ. ಬ್ರೇಕು ಚಕ್ರವನ್ನು ಹಿಡಿಯದೆ ಹೋಗುವುದು ಒಂದು ಕಾಯಿಲೆ. ಬ್ರೇಕು ಚಕ್ರವನ್ನು ಗಟ್ಟಿಯಾಗಿ ಹಿಡಿದಿದ್ದರೂ ಚಕ್ರವು ನೆಲವನ್ನು ಹಿಡಿಯದೆ ಹೋಗುವುದು ಇನ್ನೊಂದು. ಮೊದಲನೆಯದು ಬಿಸಿಯಿಂದ ಹುಟ್ಟುತ್ತದೆ, ಎರಡನೆಯದು ಚಳಿಯಿಂದ. ಹಿಮ ಕವಿದ ಘಟ್ಟದ ರಸ್ತೆಯಲ್ಲಿ ಇವೆರಡೂ ಒಂದೇ ವಾಹನದಲ್ಲಿ ಒಂದೇ ಹೊತ್ತಿಗೆ ಎದುರಾಗಬಹುದು. ಒಂದರ ಚಿಕಿತ್ಸೆ ಇನ್ನೊಂದನ್ನು ಉಲ್ಬಣಗೊಳಿಸಲೂಬಹುದು. ಬ್ರೇಕಿನ ಚರಿತ್ರೆಯನ್ನು ಈ ಎರಡು ಎಳೆಗಳಾಗಿ ಬಿಡಿಸಿಕೊಂಡರೆ ನಮಗೆ ಉಪಯೋಗವಾಗುವ ತಿಳಿವು ದೊರೆಯುತ್ತದೆ.

ಕಥೆ ಆರಂಭವಾಗುವುದು ರೈಲಿನಿಂದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಸರಕು ರೈಲುಗಳನ್ನು ನಿಲ್ಲಿಸುತ್ತಿದ್ದುದು ಮನುಷ್ಯರ ತೋಳ್ಬಲ. ‘ಬ್ರೇಕ್‌ಮನ್’ ಎಂಬ ಕೆಲಸಗಾರರು ಓಡುವ ಗಾಡಿಗಳ ಚಾವಣಿಯ ಮೇಲೆ ನಡೆದು, ಒಂದೊಂದೇ ಗಾಡಿಯ ಕೈಚಕ್ರವನ್ನು ತಿರುಗಿಸಿ ಬ್ರೇಕು ಬಿಗಿಯಬೇಕಾಗಿತ್ತು. ಚಳಿಗಾಲದಲ್ಲಿ ಆ ಚಾವಣಿಗಳ ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು. ಕಾಲು ಜಾರಿ ಗಾಡಿಗಳ ನಡುವೆ ಬಿದ್ದು ಸತ್ತವರು, ಕೈಕಾಲು ಕಳೆದುಕೊಂಡವರು ಅಸಂಖ್ಯ. 1869ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದಲ್ಲಿದ್ದ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬಾತ ಒತ್ತಿದ ಗಾಳಿಯಿಂದ ಕೆಲಸ ಮಾಡುವ ಬ್ರೇಕಿಗೆ ಪೇಟೆಂಟ್ ಪಡೆದನು. ಇಂಜಿನಿನಲ್ಲಿ ಕುಳಿತ ಚಾಲಕನೊಬ್ಬನೇ ಇಡೀ ರೈಲಿಗೆ ಬ್ರೇಕು ಹಾಕುವುದು ಇದರಿಂದ ಸಾಧ್ಯವಾಯಿತು. ಆದರೆ ಅದರಲ್ಲೊಂದು ಕೊರತೆ ಉಳಿದಿತ್ತು: ಗಾಳಿಯ ಕೊಳವೆ ಎಲ್ಲಾದರೂ ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು.

1872ರಲ್ಲಿ ವೆಸ್ಟಿಂಗ್‌ಹೌಸ್ ಈ ತರ್ಕವನ್ನು ತಲೆಕೆಳಗು ಮಾಡಿದನು. ಹೊಸ ವ್ಯವಸ್ಥೆಯಲ್ಲಿ ಕೊಳವೆಯೊಳಗಿನ ಗಾಳಿಯ ಒತ್ತಡವು ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಒತ್ತಡ ಇಳಿದೊಡನೆ, ಪ್ರತಿಯೊಂದು ಗಾಡಿಯಲ್ಲಿ ಕೂಡಿಟ್ಟ ಗಾಳಿಯ ಬಲದಿಂದ ಬ್ರೇಕು ತಾನಾಗಿ ಬಿಗಿಯುತ್ತದೆ. ಕೊಳವೆ ಒಡೆದರೆ ರೈಲು ನಿಲ್ಲುತ್ತದೆ, ಓಡಿಹೋಗುವುದಿಲ್ಲ. ಯಂತ್ರ ಕೆಡುವುದಾದರೆ ಸುರಕ್ಷಿತವಾದ ದಿಕ್ಕಿಗೇ ಕೆಡಲಿ ಎಂಬ ಈ ವಿಚಾರವು ಇಂದಿನ ಭಾರಿ ಲಾರಿಗಳಲ್ಲಿಯೂ ಜೀವಂತವಾಗಿದೆ. ಅವುಗಳಲ್ಲಿ ಗಾಳಿ ಸೋರಿಹೋದರೆ ಬಲವಾದ ಸ್ಪ್ರಿಂಗುಗಳು ಬ್ರೇಕನ್ನು ಬಿಗಿದುಬಿಡುತ್ತವೆ. ಆದರೂ ಈ ಸಾಧನ ಎಲ್ಲ ರೈಲುಗಳನ್ನು ಮುಟ್ಟಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಖರ್ಚಿಗೆ ಹಿಂಜರಿದ ಕಂಪನಿಗಳ ಎದುರು ಅಯೋವಾದ ರೈತ ಲೊರೆಂಜೊ ಕಾಫಿನ್ ವರ್ಷಗಟ್ಟಲೆ ಹೋರಾಡಿದನು. 1893ರಲ್ಲಿ ಅಮೆರಿಕದ ರೈಲ್ವೆ ಸುರಕ್ಷತಾ ಕಾನೂನು ಅಂಗೀಕಾರವಾಯಿತು. ತಂತ್ರ ಸಿದ್ಧವಾದ ಮೇಲೆಯೂ ಜೀವ ಉಳಿಸಲು ಒಬ್ಬ ಹಟಮಾರಿ ಮನುಷ್ಯ ಬೇಕಾಯಿತು.

ಇದೇ ಕಾಲದಲ್ಲಿ ನಮ್ಮ ಪಶ್ಚಿಮ ಘಟ್ಟಗಳು ಬೇರೊಂದು ಉತ್ತರವನ್ನು ಕಂಡುಕೊಂಡಿದ್ದವು. 1863ರಲ್ಲಿ ಮುಂಬಯಿ-ಪುಣೆ ನಡುವಿನ ಭೋರ್ ಘಾಟ್ ರೈಲುಮಾರ್ಗ ತೆರೆದಾಗ, ಅದರ ಅತಿ ಕಡಿದಾದ ಇಳಿಜಾರು 37 ಅಡಿಗೆ ಒಂದಡಿಯಷ್ಟಿತ್ತು. ಹಿಡಿತ ತಪ್ಪಿದ ರೈಲನ್ನು ಮುಖ್ಯ ಹಳಿಯಿಂದ ಬೇರ್ಪಡಿಸಿ, ಏರುಮುಖವಾದ ಪಕ್ಕದ ಹಳಿಗೆ ತಿರುಗಿಸಿ, ತನ್ನ ಭಾರದಿಂದಲೇ ಅದು ಸೋತು ನಿಲ್ಲುವಂತೆ ಮಾಡುವ ‘ಕ್ಯಾಚ್ ಸೈಡಿಂಗ್’ ಪದ್ಧತಿ ಅಲ್ಲಿ ಬಳಕೆಗೆ ಬಂದಿತು. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಮಗ್ಗುಲಲ್ಲಿ ಗೋವೆಗೆ ಇಳಿಯುವ ಹಳಿಯದೂ ಅಂಥದೇ ಕಡಿದಾದ ಇಳಿಜಾರು. ಬ್ರೇಕು ಸೋತಾಗ ಬೆಟ್ಟವನ್ನೇ ಬ್ರೇಕಾಗಿ ಬಳಸುವ ಈ ಉಪಾಯವು ಮುಂದಿನ ಶತಮಾನದಲ್ಲಿ ರಸ್ತೆಗೂ ಬಂದಿತು. 1956ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲಾರಿಗಳಿಗಾಗಿ ಇಂಥದೊಂದು ದಾರಿ ನಿರ್ಮಾಣವಾಯಿತು. ಇಂದು ಅಂಥ ದಾರಿಗಳಲ್ಲಿ ಒಂದೇ ಗಾತ್ರದ ಉರುಟು ಕಲ್ಲುಗಳನ್ನು ಆಳವಾಗಿ ತುಂಬಿರುತ್ತಾರೆ. ಚಕ್ರಗಳು ಅದರಲ್ಲಿ ಹೂತು ವೇಗ ಕರಗುತ್ತದೆ. ಕಲ್ಲುಗಳ ನಡುವೆ ನೀರು ನಿಂತರೆ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಇಡೀ ಹಾಸು ಕಾಂಕ್ರೀಟಿನಂತಾಗುವುದರಿಂದ, ನೀರು ಬಸಿದುಹೋಗುವ ವ್ಯವಸ್ಥೆ ಅಲ್ಲಿ ಅತಿ ಮುಖ್ಯ.

ಇಳಿಜಾರಿನಲ್ಲಿ ಬ್ರೇಕು ಸೋಲುವುದೇಕೆ? ಎತ್ತರದಲ್ಲಿರುವ ವಾಹನದಲ್ಲಿ ಶಕ್ತಿ ಅಡಗಿರುತ್ತದೆ. ವೇಗ ಹೆಚ್ಚದಂತೆ ಇಳಿಯಬೇಕಾದರೆ ಆ ಶಕ್ತಿಯು ಬಿಸಿಯಾಗಿ ಹೊರಹೋಗಬೇಕು. ಐಸೆನ್‌ಹೋವರ್ ಸುರಂಗದಿಂದ ಸಿಲ್ವರ್‌ಥಾರ್ನ್‌ಗೆ ಇಳಿಯುವಾಗ ರಸ್ತೆ 600 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಕಾರೊಂದು ಈ ಅಂತರದಲ್ಲಿ ಹೊರಹಾಕಬೇಕಾದ ಶಕ್ತಿಯಿಂದ ಮೂವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. 36 ಟನ್ನಿನ ಲಾರಿಯಾದರೆ ಆರುನೂರು ಲೀಟರು. ಇದರಲ್ಲಿ ಒಂದಷ್ಟನ್ನು ಗಾಳಿಯ ತಡೆಯೂ ಇಂಜಿನೂ ನುಂಗುತ್ತವೆ. ಮಿಕ್ಕಿದ್ದೆಲ್ಲ ಬ್ರೇಕಿನ ಪಾಲು. ಕಾಯ್ದ ಡ್ರಮ್ಮು ಹಿಗ್ಗಿ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಉಜ್ಜುವ ಪದಾರ್ಥ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೂ ಚಕ್ರದ ಬಳಿ ಸುಟ್ಟ ವಾಸನೆ ಬರುವುದು ಈ ಕಾರಣದಿಂದ.

ಕಾರುಗಳಲ್ಲಿ ಇನ್ನೊಂದು ಅಪಾಯವೂ ಉಂಟು. ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ದ್ರವದ ಬ್ರೇಕು 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂದಾಗಿನಿಂದ, ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುತ್ತಿರುವುದು ಬ್ರೇಕ್ ಎಣ್ಣೆ. ಈ ಎಣ್ಣೆ ಗಾಳಿಯಲ್ಲಿನ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ತೇವ ಹೀರಿದ ಮೇಲೆ ಅದಕ್ಕೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ. ಎಣ್ಣೆ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲು ಹೂವಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ವ್ಯಯವಾಗುತ್ತದೆ. ಊರೊಳಗಿನ ಓಡಾಟದಲ್ಲಿ ವರ್ಷಗಟ್ಟಲೆ ಕಾಣಿಸದ ಈ ದೋಷ ಘಟ್ಟದ ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ಲಕ್ಷಣವಿಲ್ಲದ ರಕ್ತದೊತ್ತಡದಂತೆ ಇದನ್ನೂ ಮೊದಲೇ ಪರೀಕ್ಷಿಸಿಯೇ ತಿಳಿಯಬೇಕು.

ಈಗ ಎರಡನೆಯ ಕಾಯಿಲೆಗೆ ಬರೋಣ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ ಸುಮಾರು 0.7 ಇದ್ದರೆ, ಮಂಜುಗಡ್ಡೆಯ ಮೇಲೆ ಅದು 0.1ರ ಆಸುಪಾಸಿಗೆ ಇಳಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಸಮತಟ್ಟಾದ ಒಣ ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಂತರೆ, ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್ ಜಾರುತ್ತದೆ. ಅದೇ ಮಂಜುಗಡ್ಡೆ ನೂರಕ್ಕೆ ಏಳರಷ್ಟು ಇಳಿಜಾರಿನಲ್ಲಿದ್ದರೆ, 0.1ರಲ್ಲಿ 0.07ನ್ನು ಭೂಮಿಯ ಸೆಳೆತವೇ ಕಸಿದುಕೊಳ್ಳುತ್ತದೆ. ನಿಲ್ಲಲು ಬೇಕಾಗುವ ದೂರ 300 ಮೀಟರನ್ನು ಮೀರುತ್ತದೆ. ಘರ್ಷಣೆ ಇನ್ನಷ್ಟು ಇಳಿದು 0.07ಕ್ಕೆ ಬಂದರೆ ಆ ಕಾರು ನಿಲ್ಲುವುದೇ ಇಲ್ಲ. ಬ್ರೇಕಿನ ತಯಾರಕರು ಯಾರೇ ಆಗಿರಲಿ, ಕಾರಿನ ಬೆಲೆ ಎಷ್ಟೇ ಇರಲಿ, ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಸೊನ್ನೆ ಡಿಗ್ರಿಯ ಸಮೀಪದಲ್ಲಿ, ಮೇಲೆ ತೆಳುವಾಗಿ ನೀರು ಒಸರುವ ಮಂಜುಗಡ್ಡೆಯು ಕಡುಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ ಎಂಬುದನ್ನೂ ನೆನಪಿಡಬೇಕು.

ಈ ಕಾಯಿಲೆಗೆ ಮದ್ದು ಹುಡುಕಿದವರಲ್ಲಿ ಮೊದಲಿಗರು ಟೈರಿನ ಕಡೆ ನೋಡಿದರು. 1904ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಟೈರಿಗೆ ಸುತ್ತುವ ಸರಪಣಿಗೆ ಪೇಟೆಂಟ್ ಪಡೆದನು; ಚಾಲಕರು ಕೆಸರಿನಲ್ಲಿ ಚಕ್ರಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದುದು ಅವನಿಗೆ ದಾರಿ ತೋರಿತ್ತು. 1934ರಲ್ಲಿ ಫಿನ್‌ಲ್ಯಾಂಡಿನ ರಬ್ಬರ್ ಕಾರ್ಖಾನೆಯೊಂದು ಹಿಮಕ್ಕೆಂದೇ ಟೈರು ತಯಾರಿಸಿತು. ಚಳಿಯಲ್ಲಿಯೂ ಮೆತ್ತಗೆ ಉಳಿಯುವ ರಬ್ಬರು, ಹಿಮವನ್ನು ಕಚ್ಚುವ ಸೀಳುಗಳು ಇಂದಿನ ಚಳಿಗಾಲದ ಟೈರಿನ ಗುಟ್ಟು.

ಎರಡನೆಯ ದಾರಿ ವಿಮಾನದಿಂದ ಬಂದಿತು. ಇಳಿಯುವಾಗ ವಿಮಾನದ ಚಕ್ರಗಳು ಬಿಗಿದು ನಿಂತರೆ ಟೈರು ಸಿಡಿಯುತ್ತದೆ. ಇದನ್ನು ತಪ್ಪಿಸಲು ಬ್ರಿಟನ್ನಿನ ಡನ್‌ಲಪ್ ಕಂಪನಿ 1950ರ ದಶಕದಲ್ಲಿ ಬಳಕೆಗೆ ತಂದ ‘ಮ್ಯಾಕ್ಸಾರೆಟ್’ ಸಾಧನವು 1966ರಲ್ಲಿ ಜೆನ್ಸನ್ ಎಫ್‌ಎಫ್ ಕಾರಿಗೆ ಬಂದಿತು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸಿನಲ್ಲಿ ಕಾಣಿಸಿಕೊಂಡಿತು. ಚಕ್ರ ಬಿಗಿಯಲು ಹೊರಟಾಗ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಮತ್ತೆ ಹಿಡಿಯುವುದು ಇದರ ಕೆಲಸ. ತಿರುಗುತ್ತಿರುವ ಚಕ್ರವನ್ನಷ್ಟೇ ತಿರುವಿಗೆ ಹೊರಳಿಸಲು ಸಾಧ್ಯ. ಆದ್ದರಿಂದ ಎಬಿಎಸ್‌ನ ಮುಖ್ಯ ಕೊಡುಗೆ ಸ್ಟಿಯರಿಂಗ್ ನಮ್ಮ ಕೈಯಲ್ಲಿ ಉಳಿಯುವುದು. ನಿಲ್ಲುವ ದೂರವನ್ನು ಅದು ಹಿಮದಲ್ಲಿ ಕಡಿಮೆ ಮಾಡಲೇಬೇಕೆಂದಿಲ್ಲ. ಸಡಿಲ ಹಿಮದ ಮೇಲೆ ಹೆಚ್ಚಿಸುವುದೂ ಉಂಟು.

1989ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಹಿಮರಸ್ತೆಯೊಂದರಲ್ಲಿ ಮರ್ಸಿಡಿಸ್ ಕಂಪನಿಯ ಯುವ ಇಂಜಿನಿಯರ್ ಫ್ರಾಂಕ್-ವರ್ನರ್ ಮೋನ್ ಓಡಿಸುತ್ತಿದ್ದ ಪರೀಕ್ಷಾ ಕಾರು ಜಾರಿ ಹಳ್ಳಕ್ಕಿಳಿಯಿತು. ಎಳೆಯುವ ಗಾಡಿಗಾಗಿ ಕಾಯುತ್ತಿದ್ದಾಗ ಆತನಿಗೆ ಹೊಳೆದದ್ದು ಇಷ್ಟು: ಕಾರು ಪಕ್ಕಕ್ಕೆ ತಿರುಗುತ್ತಿರುವುದನ್ನು ಅಳೆಯುವ ಉಪಕರಣವೊಂದು ಬ್ರೇಕಿನೊಡನೆ ಮಾತನಾಡುವಂತಾದರೆ ಹೇಗೆ? ಆಟಿಕೆ ಹೆಲಿಕಾಪ್ಟರಿನ ಗೈರೋಸ್ಕೋಪನ್ನು ಬಿಚ್ಚಿ ಪ್ರಯೋಗ ಆರಂಭವಾಯಿತು. 1995ರಲ್ಲಿ ಅದು ಸ್ಥಿರತಾ ನಿಯಂತ್ರಣ ವ್ಯವಸ್ಥೆಯಾಗಿ ಮಾರುಕಟ್ಟೆಗೆ ಬಂದು, 2012ರ ಮಾದರಿಗಳಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ಇಷ್ಟೆಲ್ಲ ಸಾಧನಗಳ ನಡುವೆ ಮರೆಯಬಾರದ ಒಂದು ಅಧ್ಯಯನವಿದೆ. 1980ರ ದಶಕದಲ್ಲಿ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಅಳವಡಿಸಿ, ಉಳಿದವಕ್ಕೆ ಅಳವಡಿಸದೆ ಹೋಲಿಸಿ ನೋಡಿದರು. ಎಬಿಎಸ್ ಇದ್ದ ಟ್ಯಾಕ್ಸಿಗಳ ಅಪಘಾತಗಳು ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ. ಅವುಗಳ ಚಾಲಕರು ಹೆಚ್ಚು ರಭಸದಿಂದ ಓಡಿಸತೊಡಗಿದ್ದರು. ಯಂತ್ರ ಉಳಿಸಿಕೊಟ್ಟ ಸುರಕ್ಷತೆಯನ್ನು ಮನುಷ್ಯ ವೇಗಕ್ಕೆ ಮಾರಿಕೊಂಡಿದ್ದನು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದೆನೆಂದು ಎರಡು ಹೋಳಿಗೆ ಹೆಚ್ಚಿಗೆ ತಿನ್ನುವ ರೋಗಿಗಳನ್ನು ಬಲ್ಲ ನನಗೆ ಇದು ಹೊಸದಾಗಿ ತೋರಲಿಲ್ಲ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸುವ ಎಸ್‌ಯುವಿ ಹಿಮದಲ್ಲಿ ಹೊರಡಲು ನೆರವಾಗುತ್ತದೆ, ಏರಲು ನೆರವಾಗುತ್ತದೆ, ನಿಲ್ಲಲು ನೆರವಾಗುವುದಿಲ್ಲ. ಸಲೀಸಾಗಿ ಏರಿದ್ದೇ ಇಳಿಯುವಾಗ ಮೋಸ ಮಾಡುತ್ತದೆ.

ಹಾಗಾದರೆ ಮಾಡುವುದೇನು? ಶಿರಾಡಿ, ಚಾರ್ಮಾಡಿ, ಆಗುಂಬೆ ಘಟ್ಟಗಳ ಚಾಲಕರು ಪಾಲಿಸುವ ಹಳೆಯ ಸೂತ್ರವೊಂದಿದೆ: ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಬಿಸಿಯ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಮಂಜುಗಡ್ಡೆಯ ನಡುವೆ ಥಟ್ಟನೆ ಗೇರು ಇಳಿಸಿದರೆ ಚಕ್ರಗಳು ಹಿಡಿತ ತಪ್ಪಬಹುದು. ಆದ್ದರಿಂದ ಇಳಿಜಾರು ಆರಂಭವಾಗುವ ಮುನ್ನವೇ ವೇಗ ತಗ್ಗಿಸಿ, ಗೇರನ್ನು ಮೃದುವಾಗಿ ಇಳಿಸಿಕೊಳ್ಳಬೇಕು. ಎಬಿಎಸ್ ಇಲ್ಲದ ಕಾರುಗಳಲ್ಲಿ ಕಲಿತವರಿಗೆ ಪೆಡಲನ್ನು ಒತ್ತಿ-ಬಿಟ್ಟು ಮಾಡುವ ಅಭ್ಯಾಸವಿರುತ್ತದೆ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ; ಹೀಗಾಗಿ ನಮ್ಮಲ್ಲಿ ಬಹುಮಂದಿ ಆ ತಲೆಮಾರಿನವರು. ಎಬಿಎಸ್ ಇರುವ ಕಾರಿನಲ್ಲಿ ಅಪಾಯದ ಹೊತ್ತಿಗೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದಿರಬೇಕು. ಕಾಲಿನಡಿಯ ಗಡಗಡ ನಡುಕಕ್ಕೆ ಹೆದರಿ ಬಿಡಬಾರದು. ಹೊರಡುವ ಮೊದಲು ಬ್ರೇಕ್ ಎಣ್ಣೆಯನ್ನೂ ಟೈರುಗಳನ್ನೂ ಪರೀಕ್ಷೆ ಮಾಡಿಸಬೇಕು. ಮುಂದಿನ ವಾಹನದಿಂದ ಬಹುದೂರ ಉಳಿಯಬೇಕು. ನೆರಳಿನ ತಿರುವುಗಳಲ್ಲಿಯೂ ಸೇತುವೆಗಳ ಮೇಲೆಯೂ ಒದ್ದೆಯಂತೆ ಹೊಳೆಯುವ ರಸ್ತೆಯನ್ನು ಮಂಜುಗಡ್ಡೆಯೆಂದೇ ಭಾವಿಸಬೇಕು.

ವೈದ್ಯಳಾಗಿ ಒಂದು ಮಾತು ಸೇರಿಸಲೇಬೇಕು. ಕಾರು ಹಿಮದಲ್ಲಿ ಸಿಕ್ಕಿಕೊಂಡಾಗ ಬೆಚ್ಚಗಿರಲೆಂದು ಇಂಜಿನನ್ನು ಓಡಿಸುತ್ತ ಕುಳಿತರೆ, ಹೊಗೆಕೊಳವೆಯ ಬಾಯಿಯನ್ನು ಹಿಮ ಮುಚ್ಚಿದಾಗ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಅದರ ಮೊದಲ ಗುರುತುಗಳು. ಮಕ್ಕಳು ನಿದ್ದೆ ಹೋದರೆಂದು ನಾವು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೆ ಅವರಿಗೆ ಪ್ರಜ್ಞೆ ತಪ್ಪಿರಬಹುದು. ಕೊಳವೆಯ ಸುತ್ತಲಿನ ಹಿಮವನ್ನು ಮೊದಲು ತೆರವು ಮಾಡಿ, ಇಂಜಿನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ಓಡಿಸಿ, ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಬೇಕು. ಕಂಬಳಿ, ನೀರು, ತಿಂಡಿ, ಸಣ್ಣದೊಂದು ಸಲಿಕೆ ಸದಾ ಕಾರಿನಲ್ಲಿರಲಿ.

ವೆಸ್ಟಿಂಗ್‌ಹೌಸನಿಂದ ಮೋನ್‌ವರೆಗೆ ಈ ದಾರಿಯಲ್ಲಿ ದುಡಿದವರೆಲ್ಲ ನಮಗೆ ಕೊಟ್ಟದ್ದು ಕೆಲವು ಸೆಕೆಂಡುಗಳನ್ನು, ಕೆಲವು ಮೀಟರುಗಳನ್ನು. ಅದನ್ನು ವೇಗಕ್ಕೆ ಖರ್ಚು ಮಾಡದೆ ಉಳಿಸಿಕೊಳ್ಳುವುದು ಚಾಲಕನ ಕೆಲಸ. ಹಿಮ ಬೀಳುವ ದಿನ ಪ್ರಯಾಣವನ್ನು ಒಂದು ದಿನ ಮುಂದಕ್ಕೆ ಹಾಕಿದರೆ ಹೋಟೆಲಿನ ಮುಂಗಡ ಹಣ ಹೋಗಬಹುದು. ಹೋದರೆ ಹೋಗಲಿ.