ಕಾಲುದಾರಿಯ ಹಕ್ಕು ಮತ್ತು ಅದರ ನಿರ್ಣಯ

ಹೊಲಕ್ಕೆ ಹೋಗುವ ದಾರಿಯಿಲ್ಲದವನಿಗೆ ಹೊಲವಿದ್ದೂ ಫಲವಿಲ್ಲ. ರಾಗಿಯ ಕುಯ್ಲಿನ ಕಾಲದಲ್ಲಿ ಬಂಡಿ ಒಳಹೋಗದಿದ್ದರೆ, ಹಿಪ್ಪುನೇರಳೆಯ ಸೊಪ್ಪು ಹೊತ್ತಿಗೆ ಸರಿಯಾಗಿ ಹುಳುಮನೆಯನ್ನು ಸೇರದಿದ್ದರೆ, ಪಹಣಿಯಲ್ಲಿ ಎಷ್ಟೇ ಎಕರೆ ನಮೂದಾಗಿದ್ದರೂ ಆರಂಬಗಾರನ ಬದುಕು ನಡೆಯದು. ಆದಕಾರಣವೇ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಸೀಮೆಯಲ್ಲಿ ಕಾಲುದಾರಿ, ಬಂಡಿದಾರಿಗಳ ತಕರಾರು ಸಣ್ಣ ವಿಷಯವೆಂದು ಯಾರೂ ಭಾವಿಸಿದವರಲ್ಲ. ಒಂದು ದಾರಿಯು ಸಾರ್ವಜನಿಕವೇ ಅಲ್ಲವೇ ಎಂಬುದನ್ನು ಯಾರು, ಯಾವ ಪ್ರಮಾಣದ ಮೇಲೆ, ಯಾವ ಕ್ರಮದಲ್ಲಿ ತೀರ್ಮಾನಿಸತಕ್ಕದ್ದೆಂಬ ಪ್ರಶ್ನೆಗೆ ಇಲ್ಲಿ ಕಾಲದಿಂದ ಕಾಲಕ್ಕೆ ಭಿನ್ನಭಿನ್ನವಾದ ಉತ್ತರಗಳು ದೊರೆತಿವೆ. ಆ ಉತ್ತರಗಳ ಪರಂಪರೆಯನ್ನು ಸಮೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೋಜಣಿಗೆ ಪೂರ್ವದ ಕಾಲದಲ್ಲಿ ದಾರಿಗೆ ಸಾಕ್ಷಿ ಜನರ ನೆನಪು. ದತ್ತಿಯ ಶಾಸನಗಳಲ್ಲಿ ಎಲ್ಲೆಯನ್ನು ಹೇಳುವಾಗ ಕೆರೆಯ ಕೋಡಿ, ಹುಣಿಸೆಯ ಮರ, ನೆಟ್ಟ ಕಲ್ಲುಗಳೊಡನೆ ದಾರಿಗಳನ್ನೂ ಹೆಸರಿಸುವ ವಾಡಿಕೆಯಿದ್ದಿತು; ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವು ಈ ಸೀಮೆಯನ್ನೊಳಗೊಂಡ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ವಿವಾದ ಹುಟ್ಟಿದಾಗ ಗೌಡ, ಶಾನುಭೋಗ, ತಳವಾರ, ತೋಟಿಗಳೂ ಊರ ಹಿರಿಯರೂ ಸ್ಥಳಕ್ಕೆ ಬಂದು, ಯಾರ ಕಾಲದಿಂದ ಯಾರು ಯಾರು ಅಲ್ಲಿ ನಡೆದರೆಂಬುದನ್ನು ಕೇಳಿ ತೀರ್ಮಾನ ಹೇಳುತ್ತಿದ್ದರು. ಈ ಪದ್ಧತಿಯ ಗುಣವೆಂದರೆ ನಿರ್ಣಯಿಸುವವನು ಸ್ಥಳವನ್ನು ಬಲ್ಲವನಾಗಿದ್ದನು. ದೋಷವೆಂದರೆ ಊರಿನ ಬಲಾಢ್ಯನ ಎದುರಿಗೆ, ಅದರಲ್ಲಿಯೂ ಊರ ಹೊರಗೆ ಇರಿಸಲ್ಪಟ್ಟವರ ಪಾಲಿಗೆ, ಆ ನೆನಪು ನಿಷ್ಪಕ್ಷಪಾತವಾಗಿ ನಿಲ್ಲುವುದೆಂಬ ಭರವಸೆ ಇರಲಿಲ್ಲ.

ಬೌರಿಂಗ್ ಅವರು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, 1863ರಲ್ಲಿ, ಬೊಂಬಾಯಿ ಮಾದರಿಯ ಕಂದಾಯ ಮೋಜಣಿ ಆರಂಭವಾಯಿತು. ಆಗಿನಿಂದ ದಾರಿಯು ನೆನಪಿನಿಂದ ಕಾಗದಕ್ಕೆ ಇಳಿಯಿತು. 33 ಅಡಿಯ ಸರಪಳಿಯಿಂದ ಅಳೆದು, ಪ್ರತಿ ಸರ್ವೇ ನಂಬರಿಗೂ ಟಿಪ್ಪಣಿ ಬರೆದು, ಗಡಿಗೆ ಬಾಂದುಕಲ್ಲು ನೆಟ್ಟು, ಊರಿಗೊಂದು ನಕಾಶೆ ಸಿದ್ಧವಾಯಿತು. 1888ರ ಮೈಸೂರು ಭೂಕಂದಾಯ ಸಂಹಿತೆಯು ಈ ವ್ಯವಸ್ಥೆಗೆ ಶಾಸನದ ಬಲವನ್ನು ಕೊಟ್ಟಿತು.

ಈ ಗ್ರಾಮನಕಾಶೆಯನ್ನು ಒಮ್ಮೆ ಹತ್ತಿರದಿಂದ ನೋಡತಕ್ಕದ್ದು. ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ. ಮೈಲಿಗೆ ಎಂಟು ಅಂಗುಲದ ಅಳತೆ, ಅಂದರೆ ಕಾಗದದ ಮೇಲಿನ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ. ಎಂಟಡಿ ಅಗಲದ ಬಂಡಿದಾರಿಯು ಈ ಪ್ರಮಾಣದಲ್ಲಿ ಅಂಗುಲದ ಎಂಬತ್ತರಲ್ಲೊಂದು ಭಾಗದಷ್ಟೂ ಆಗಲಾರದು. ಆದುದರಿಂದ ದಾರಿಯಿತ್ತೆಂಬುದಕ್ಕೆ ನಕಾಶೆಯು ಪ್ರಬಲವಾದ ಸಾಕ್ಷ್ಯವಾಗಿದ್ದರೂ, ಅದರ ಅಗಲವೆಷ್ಟೆಂಬುದನ್ನು ನಕಾಶೆಯ ಗೆರೆಯಿಂದ ಅಳೆದು ಹೇಳಲು ಬಾರದು. ಅದಕ್ಕೆ ಟಿಪ್ಪಣಿಯನ್ನೂ, ಕಂದಾಯಕ್ಕೆ ಒಳಪಡದ ಖರಾಬು ನೆಲದ ಲೆಕ್ಕವನ್ನೂ, ಸ್ಥಳದಲ್ಲಿ ಉಳಿದ ಬದು, ಬೇಲಿ, ಕಲ್ಲುಗಳನ್ನೂ ಕೂಡಿಸಿ ಓದಬೇಕಾಗುತ್ತದೆ. ತಹಸೀಲ್ದಾರರ ಮುಂದಿನ ಅನೇಕ ವ್ಯಾಜ್ಯಗಳಲ್ಲಿ ಎರಡು ಪಕ್ಷದವರೂ ದಾರಿಯನ್ನು ಒಪ್ಪಿ ಅಗಲಕ್ಕಾಗಿ ಹೋರಾಡುವುದರ ಮರ್ಮ ಇಲ್ಲಿದೆ.

ಸ್ವಾತಂತ್ರ್ಯಾನಂತರ ಎರಡು ಮಹತ್ತರವಾದ ಪರಿವರ್ತನೆಗಳಾದವು. ಮೊದಲನೆಯದಾಗಿ, 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯವಾದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. ಎರಡನೆಯದಾಗಿ, 1964ರ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣವು ಅನ್ಯರ ಸ್ವತ್ತಾಗಿರದ ಸಾರ್ವಜನಿಕ ರಸ್ತೆ, ಬೀದಿ, ಓಣಿ, ದಾರಿಗಳೆಲ್ಲವೂ ರಾಜ್ಯಸರ್ಕಾರದ ಸ್ವತ್ತೆಂದು ಘೋಷಿಸಿ, ಅವುಗಳ ಮೇಲೆ ಸರ್ಕಾರದ ಪರವಾಗಿಯೋ ವಿರುದ್ಧವಾಗಿಯೋ ಹಕ್ಕು ಸಾಧಿಸಲ್ಪಟ್ಟಾಗ ವಿಚಾರಣೆ ನಡೆಸಿ ತೀರ್ಮಾನಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಒಪ್ಪಿಸಿತು. ಜನರಿಗೆ ಇನ್ನು ಬೇಡವಾದ ದಾರಿಯ ಮೇಲಿನ ಹಕ್ಕನ್ನು ನಂದಿಸಬೇಕಾದರೂ 68ನೆಯ ಪ್ರಕರಣದಂತೆ ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗಳನ್ನು ಕೇಳಿಯೇ ಮುಂದುವರಿಯತಕ್ಕದ್ದು. 1966ರ ಭೂಕಂದಾಯ ನಿಯಮಗಳ 21ನೆಯ ನಿಯಮವು ಖರಾಬನ್ನು ಎರಡಾಗಿ ವಿಂಗಡಿಸಿತು: ಬೇಸಾಯಕ್ಕೆ ಒದಗದ ನೆಲ ‘ಎ’ ಖರಾಬು, ರಸ್ತೆ, ಅಂಗೀಕೃತ ಕಾಲುದಾರಿ, ಕೆರೆ, ಹಳ್ಳ, ಸ್ಮಶಾನ ಮೊದಲಾದ ಸಾರ್ವಜನಿಕ ನೆಲ ‘ಬಿ’ ಖರಾಬು. ಹಿಡುವಳಿಯ ಒಳಗೆ ಬಿದ್ದಿದ್ದರೂ ‘ಬಿ’ ಖರಾಬು ಹಿಡುವಳಿದಾರನದಲ್ಲ. ಈ ಒಂದು ಅಕ್ಷರದ ಮೇಲೆ ಇಂದು ಎಷ್ಟೋ ಊರುಗಳ ದಾರಿಗಳು ನಿಂತಿವೆ.

ಆದರೆ ನಕಾಶೆಯಲ್ಲಿ ಕಾಣದ, ಆದರೂ ತಲೆಮಾರುಗಳಿಂದ ಜನ ನಡೆದ ದಾರಿಯ ಗತಿಯೇನು? ಇಲ್ಲಿ ನಿರ್ಣಯಾಧಿಕಾರವು ಕವಲೊಡೆಯುತ್ತದೆ. ತನ್ನ ಹೊಲಕ್ಕಾಗಿ ನೆರೆಯವನ ಹೊಲದಲ್ಲಿ ನಡೆಯುವ ಖಾಸಗಿ ಹಕ್ಕು 1882ರ ಈಸ್‌ಮೆಂಟ್ ಅಧಿನಿಯಮಕ್ಕೆ ಸೇರಿದುದು; 20 ವರ್ಷಗಳ ಕಾಲ ನಿರಾತಂಕವಾಗಿ, ಬಹಿರಂಗವಾಗಿ, ಹಕ್ಕಿನಿಂದಲೇ ನಡೆದೆನೆಂದು ಸಿವಿಲ್ ನ್ಯಾಯಾಲಯದಲ್ಲಿ ಸಾಧಿಸಬೇಕು; ಸರ್ಕಾರದ ನೆಲವಾದರೆ 30 ವರ್ಷ. ಊರಿಗೇ ಸೇರಿದ ಸಾರ್ವಜನಿಕ ದಾರಿಯ ಹಕ್ಕು ಇದರಿಂದ ಬೇರೆಯಾದುದು. ಅದು ಯಾವನೊಬ್ಬನ ಹೊಲಕ್ಕೂ ಅಂಟಿಕೊಂಡಿಲ್ಲ. ಶಾಂತಿಭಂಗದ ಭಯವಿದ್ದಲ್ಲಿ ದಂಡಾಧಿಕಾರಿಯು ಮಧ್ಯೆ ಬರುತ್ತಾನೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 147ನೆಯ ಪ್ರಕರಣವು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 166ನೆಯ ಪ್ರಕರಣವಾಗಿದೆ. ಸದಾಕಾಲ ಬಳಸುವ ಹಕ್ಕಾದರೆ ವಿಚಾರಣೆಗೆ ಹಿಂದಿನ ಮೂರು ತಿಂಗಳೊಳಗೆ ಬಳಸಿರಬೇಕು; ಸುಗ್ಗಿಯಲ್ಲಿ ಮಾತ್ರ ಬಳಸುವುದಾದರೆ ಕಳೆದ ಸುಗ್ಗಿಯಲ್ಲಿ ಬಳಸಿರಬೇಕು ಎಂಬ ಅದರ ನಿಯಮ ಬೇಸಾಯದ ಜೀವನವನ್ನು ಅರಿತು ರಚಿತವಾದುದು.

ಗ್ರಾಮಪಂಚಾಯತಿಯ ಸ್ಥಾನವೇನೆಂದು ಕೇಳುವುದು ಸಹಜ. 1993ರ ಪಂಚಾಯತ್‌ರಾಜ್ ಅಧಿನಿಯಮವು ಊರರಸ್ತೆಗಳನ್ನು ಕಟ್ಟುವ, ಕಾಪಾಡುವ, ಅಡ್ಡಿಯನ್ನು ತೆಗೆಸುವ ಹೊಣೆಯನ್ನು ಅದಕ್ಕೆ ವಹಿಸಿದೆ; ‘ನಮ್ಮ ಹೊಲ ನಮ್ಮ ದಾರಿ’ಯಂತಹ ಯೋಜನೆಗಳಲ್ಲಿ ಉದ್ಯೋಗಖಾತರಿಯ ಹಣದಿಂದ ಹೊಲದ ದಾರಿಗಳೂ ಆಗಿವೆ. ಆದರೆ ಸ್ವತ್ತಿನ ಹಕ್ಕನ್ನು ತೀರ್ಮಾನಿಸುವ ಅಧಿಕಾರ ಪಂಚಾಯತಿಗಿಲ್ಲ. ದಾರಿಯನ್ನು ಬಲ್ಲವರಿಗೆ ಅಧಿಕಾರವಿಲ್ಲ, ಅಧಿಕಾರವುಳ್ಳವರಿಗೆ ದಾರಿ ತಿಳಿಯದು: ನಮ್ಮ ವ್ಯವಸ್ಥೆಯ ಮೂಲಭೂತವಾದ ಕೊರತೆ ಇದೇ.

ಇಂಗ್ಲೆಂಡಿನಲ್ಲಿ ಇದೇ ಕಾರ್ಯವು ಸ್ಥಳೀಯ ಪರಿಷತ್ತುಗಳದಾಗಿರುತ್ತದೆ. 1949ರ ಶಾಸನದಂತೆ ಕೌಂಟಿ ಪರಿಷತ್ತುಗಳು ಕಾಲುದಾರಿಗಳ ನಿಶ್ಚಿತ ನಕಾಶೆಗಳನ್ನು ಸಿದ್ಧಪಡಿಸಿದವು. 1981ರ ಶಾಸನದಂತೆ, ಬಿಟ್ಟುಹೋದ ದಾರಿಯನ್ನು ಸೇರಿಸಬೇಕೆಂದು ಯಾರಾದರೂ ಅರ್ಜಿ ಹಾಕಬಹುದು. ಪರಿಷತ್ತು ಹಳೆಯ ದಾಖಲೆಗಳನ್ನು ಪರಿಶೀಲಿಸಿ, 20 ವರ್ಷ ನಡೆದವರ ಹೇಳಿಕೆಗಳನ್ನು ತೂಗಿ ಆಜ್ಞೆ ಮಾಡುತ್ತದೆ. ಆಕ್ಷೇಪಣೆ ಬಂದರೆ ವಿಷಯವು ಸರ್ಕಾರದ ಪರಿವೀಕ್ಷಕರಿಗೆ ಹೋಗುತ್ತದೆ. ಅಲ್ಲಿ ನಕಾಶೆಯು ತಿದ್ದುಪಡಿಗೆ ತೆರೆದಿರುವ ಪುಸ್ತಕ. ನಮ್ಮಲ್ಲಿ ಅದು ನೂರು ವರ್ಷಕ್ಕೂ ಹಿಂದೆ ಮುಚ್ಚಿದ ಪುಸ್ತಕ.

ಈ ಕೊರತೆಯನ್ನು ಕಳೆದ ಎರಡು ದಶಕಗಳು ತೀವ್ರಗೊಳಿಸಿವೆ. ದೇವನಹಳ್ಳಿಯ ಬಳಿ ಸುಮಾರು 4,000 ಎಕರೆಯ ವಿಮಾನನಿಲ್ದಾಣವು 2008ರಲ್ಲಿ ತೆರೆದ ಮೇಲೆ ನೆಲದ ಬೆಲೆ ಏರಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ಉಪನಗರ ವರ್ತುಲರಸ್ತೆಯು ಅಡ್ಡಲಾಗಿ ಹಾದುಹೋಯಿತು. ಹೊಲಗಳು ಬಡಾವಣೆಗಳಾಗಿ, ಕಾಂಪೌಂಡು ಗೋಡೆಗಳ ಒಳಗೆ ಚುಕ್ಕೆಗೆರೆಗಳು ಅಡಗುವ ಕಾಲ ಬಂದಿತು. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. 2023ರಲ್ಲಿ ರಾಜ್ಯದ ಕಂದಾಯ ಇಲಾಖೆಯು, ನಕಾಶೆ ಕಂಡ ಕಾಲುದಾರಿ, ಬಂಡಿದಾರಿಗಳನ್ನು ಯಾರಾದರೂ ಮುಚ್ಚಿದ್ದರೆ ತೆರವು ಮಾಡಿಸಿ ರೈತರ ಸಂಚಾರಕ್ಕೆ ಅನುವು ಮಾಡಿಕೊಡಬೇಕೆಂದು ತಹಸೀಲ್ದಾರರಿಗೆ ಸುತ್ತೋಲೆ ಕಳುಹಿಸಿತು. ಇದು ಸ್ತುತ್ಯವಾದ ಕ್ರಮ. ಆದರೆ ನಕಾಶೆ ಕಾಣದ ದಾರಿಗೆ ಇದರಿಂದ ರಕ್ಷಣೆ ದೊರೆಯದು.

ಆದುದರಿಂದ ಪ್ರತಿ ಗ್ರಾಮಸಭೆಯೂ ತನ್ನ ಎಲ್ಲೆಯೊಳಗಿನ ದಾರಿಗಳನ್ನು, ನಕಾಶೆಯಲ್ಲಿರುವುವನ್ನೂ ಇಲ್ಲದಿರುವುವನ್ನೂ, ನಡೆದವರ ಹೇಳಿಕೆಗಳೊಡನೆ ಒಂದು ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಭೂಮಾಪಕನು ಅವನ್ನು ಅಳೆಯತಕ್ಕದ್ದು. ಭೂಪರಿವರ್ತನೆಯ ಆದೇಶಕ್ಕೆ ಮುನ್ನ ಜಿಲ್ಲಾಧಿಕಾರಿಯು ಆ ಪುಸ್ತಕವನ್ನು ನೋಡುವಂತೆ ಕಾನೂನು ವಿಧಿಸತಕ್ಕದ್ದು. ಸರ್ಕಾರವು ಇದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ. ದಿಶಾಂಕ್ ಎಂಬ ಸರ್ಕಾರದ ಆ್ಯಪ್‌ನಲ್ಲಿ ಸರ್ವೇ ನಂಬರಿನ ಎಲ್ಲೆಗಳನ್ನು ಈಗ ಮೊಬೈಲಿನಲ್ಲಿಯೇ ನೋಡಬಹುದು. ಗ್ರಾಮನಕಾಶೆಯ ನಕಲೂ ಸಾಮಾನ್ಯನಿಗೆ ದೊರೆಯುತ್ತದೆ. ಹಳೆಯ ದಾರಿಯಲ್ಲಿ ನಡೆದವರು ನಮ್ಮ ನಡುವೆ ಇನ್ನೂ ಇರುವಾಗಲೇ ಅವರ ಸಾಕ್ಷ್ಯವನ್ನು ಬರೆದಿಡಿರಿ ಎಂಬುದು ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ನನ್ನ ವಿನಂತಿ.