ಏಳು ದಿನಗಳ ಆಚೆ: ಮಿದುಳಿನ ಪೆಟ್ಟು ಮತ್ತು ಸರ್ಕಾರದ ನೀತಿ

ತಲೆಗೆ ಪೆಟ್ಟು ಬಿದ್ದವರ ಜೀವ ಉಳಿಸುವ ವಿಷಯದಲ್ಲಿ ನಮ್ಮ ಸರ್ಕಾರಗಳು ಮೂರೂವರೆ ದಶಕಗಳಲ್ಲಿ ಬಹಳ ದೂರ ಬಂದಿವೆ. ಉಳಿದು ಮನೆಗೆ ಬಂದವರ ವಿಷಯದಲ್ಲಿ ಅಷ್ಟು ದೂರ ಬಂದಿಲ್ಲ.

ರಸ್ತೆಯಲ್ಲಿ ಬಿದ್ದವರನ್ನು ಹೊತ್ತು ತಂದರೆ ‘ಪೊಲೀಸ್ ಕೇಸು, ಬೇರೆ ಕಡೆ ಹೋಗಿ’ ಎಂದು ಬಾಗಿಲಿನಲ್ಲೇ ಸಾಗಹಾಕುವ ಆಸ್ಪತ್ರೆಗಳಿದ್ದವು. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿಯಾಗಲಿ ಖಾಸಗಿಯಾಗಲಿ, ವೈದ್ಯರ ಮೊದಲ ಕೆಲಸ ಜೀವ ಉಳಿಸುವುದು, ಕಾಗದಪತ್ರ ಆಮೇಲೆ ಎಂದು ಖಡಾಖಂಡಿತವಾಗಿ ಹೇಳಿತು. 2008ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ 108 ಆಂಬುಲೆನ್ಸ್‌ಗಳು ಓಡತೊಡಗಿದವು. 2016ರ ಜನವರಿಯಲ್ಲಿ ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಮರುತಿಂಗಳೇ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಎಂಬ ಯುವಕ, ಅಂಥ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡುವಂತೆ ಕೇಳಿಕೊಂಡದ್ದು ನಾಡಿನ ಮನ ಕಲಕಿತು. ಅವನ ಹೆಸರಿನಲ್ಲೇ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ಬಂತು. ಗಾಯಾಳು ಯಾವ ರಾಜ್ಯದವರೇ ಇರಲಿ, ಕರ್ನಾಟಕದಲ್ಲಿ ಅಪಘಾತವಾದರೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವ ಯೋಜನೆ ಅದು. 2025ರ ಮೇ ತಿಂಗಳಲ್ಲಿ ಕೇಂದ್ರವೂ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟಿಸಿತು: ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ.

ಎಂಟನೆಯ ದಿನ?

ಮಿದುಳಿಗೆ ಪೆಟ್ಟಾದ ಎಷ್ಟೋ ಮನೆಗಳಲ್ಲಿ ಕಷ್ಟ ಶುರುವಾಗುವುದೇ ಹೊಲಿಗೆ ಬಿಚ್ಚಿದ ಮೇಲೆ. ಕೈಕಾಲು ಆಡುತ್ತವೆ, ಮಾತೂ ಸ್ಪಷ್ಟ. ಆದರೆ ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ತಡವರಿಕೆ. ಸಣ್ಣ ಮಾತಿಗೂ ರೇಗಾಟ. ನೋಡಲು ಬಂದವರು ‘ಚೆನ್ನಾಗೇ ಇದ್ದಾನಲ್ಲ’ ಎಂದು ಎದ್ದು ಹೋಗುತ್ತಾರೆ. ಕಾನೂನಿನ ಕಣ್ಣಿಗೂ ಬಹುಮಟ್ಟಿಗೆ ಕಂಡದ್ದು ಅಷ್ಟೇ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳಿಗೂ ಜಾಗ ಕೊಟ್ಟಿತು. ಪೆಟ್ಟಿನಿಂದಾದ ಮಿದುಳಿನ ಊನಕ್ಕೆ ಮಾತ್ರ ಅದರದೇ ಹೆಸರಿನ ಸಾಲು ಅಲ್ಲೂ ಇಲ್ಲ. ಒಂದು ಪಕ್ಕ ಸ್ವಾಧೀನ ತಪ್ಪಿದ್ದರೆ ಚಲನ ವೈಕಲ್ಯದಡಿ ಅರ್ಜಿ ಹಾಕಬಹುದು. ನೆನಪು, ವಿವೇಚನೆ ಕೆಟ್ಟಿದ್ದರೆ ‘ಮಾನಸಿಕ ಅಸ್ವಸ್ಥತೆ’ಯ ವ್ಯಾಖ್ಯೆಯೊಳಗೆ ತೂರಿಕೊಳ್ಳಬೇಕು, ಊನ ಕನಿಷ್ಠ ಶೇ 40 ಇದ್ದರಷ್ಟೇ ಮುಖ್ಯ ಸೌಲಭ್ಯಗಳು. ಅಮೆರಿಕದ ವಿಶೇಷ ಶಿಕ್ಷಣ ಕಾನೂನು 1990ರಲ್ಲೇ ಪೆಟ್ಟಿನಿಂದಾದ ಮಿದುಳಿನ ಊನವನ್ನು ಪ್ರತ್ಯೇಕ ವರ್ಗವಾಗಿ ಹೆಸರಿಸಿತ್ತು.

ಹೀಗಾಗಿ ದೀರ್ಘಕಾಲದ ಆರೈಕೆಯ ಬೆಲೆ ಕಟ್ಟುವ ಕೆಲಸ ಮೋಟಾರು ಅಪಘಾತ ನ್ಯಾಯಮಂಡಳಿಗಳ ಪಾಲಿಗೆ ಬಂತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಹರಿಯಾಣದ ಪ್ರಕರಣವೊಂದಿದೆ. ಹನ್ನೆರಡು ವರ್ಷದ ಹುಡುಗಿ. ತಲೆಯ ಪೆಟ್ಟಿನಿಂದ ಅವಳ ಸಾಮಾಜಿಕ ವಯಸ್ಸು ಒಂಬತ್ತು ತಿಂಗಳ ಕೂಸಿನಷ್ಟಾಗಿತ್ತು. ಒಬ್ಬರೇ ಇಪ್ಪತ್ನಾಲ್ಕು ಗಂಟೆ ನೋಡಿಕೊಳ್ಳಲಾಗದು, ಇಬ್ಬರು ಬೇಕು ಎಂದು ಒಪ್ಪಿದ ನ್ಯಾಯಾಲಯ, ತಿಂಗಳಿಗೆ ಇಬ್ಬರಿಗೂ ಸೇರಿ 5,000 ರೂಪಾಯಿ, ಅದರ ವರ್ಷದ ಮೊತ್ತಕ್ಕೆ 18ರ ಗುಣಕ ಎಂದು ಲೆಕ್ಕ ಹಾಕಿ ಆರೈಕೆಗೇ 10,80,000 ರೂಪಾಯಿ ಇಟ್ಟಿತು. ಒಟ್ಟು ಪರಿಹಾರ 62,27,000. ಅಪಘಾತ ನಡೆದದ್ದು 2007ರಲ್ಲಿ. ತೀರ್ಪು ಉದಾರವೇ, ಆದರೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಆ ಮನೆ ಹೇಗೆ ನಡೆದಿರಬೇಕು?

ಅದೂ ವಾಹನ ಬಡಿದವರ ಮಾತಾಯಿತು. ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಈ ನ್ಯಾಯಮಂಡಳಿಯ ಬಾಗಿಲು ತೆರೆಯುವುದಿಲ್ಲ. ನ್ಯೂಜಿಲೆಂಡ್ 1974ರಲ್ಲೇ ಈ ಭೇದ ಅಳಿಸಿತು. ಮೊಕದ್ದಮೆ ಹೂಡುವ ಹಕ್ಕನ್ನು ಜನ ಬಿಟ್ಟುಕೊಟ್ಟರು. ಬದಲಿಗೆ, ಅಪಘಾತ ಯಾರ ತಪ್ಪಿನಿಂದಾದರೂ ಚಿಕಿತ್ಸೆ, ಪುನಶ್ಚೇತನ, ದುಡಿಯಲಾಗದವರಿಗೆ ಗಳಿಕೆಯ ಶೇ 80ರಷ್ಟು ವಾರದ ಭತ್ಯೆಯ ಹೊಣೆಯನ್ನು ಸರ್ಕಾರಿ ನಿಗಮ ಹೊತ್ತಿತು.

ಅಷ್ಟು ದೊಡ್ಡ ವ್ಯವಸ್ಥೆ ಇಲ್ಲಿ ನಾಳೆಯೇ ಬರುವಂಥದ್ದಲ್ಲ. ಆದರೆ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಆರಂಭಿಸಿದ ‘ಕರ್ನಾಟಕ ಮಿದುಳು ಆರೋಗ್ಯ’ ಯೋಜನೆ ಜಿಲ್ಲಾ ಆಸ್ಪತ್ರೆಗಳತ್ತ ಹೊರಳಿದೆ. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನ ಅದರ ಮುಖ್ಯ ಗುರಿ. ಅದಕ್ಕೆಂದು ಒಟ್ಟುಗೂಡಿಸಿದ ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ, ಮನಶ್ಶಾಸ್ತ್ರದ ಸಿಬ್ಬಂದಿಯೇ ತಲೆಗೆ ಪೆಟ್ಟಾದವರಿಗೂ ಬೇಕಾದವರು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಇಂಥ ಗಾಯಾಳುಗಳ ಹೆಸರನ್ನೂ ಆ ಯೋಜನೆಯ ಕ್ಲಿನಿಕ್ಕಿನ ದಾಖಲೆಗೆ ಸೇರಿಸಲು ಹೊಸ ಕಟ್ಟಡವೇನೂ ಬೇಡ, ಒಂದು ಸುತ್ತೋಲೆ ಸಾಕು.