ಎರಡು ಸೂರ್ಯೋದಯಗಳ ವಿಮಾನಮಾರ್ಗ: ದೂರನಿರ್ಣಯದ ವಿಚಾರ

ಕ್ರಿ.ಶ. ೧೯೪೨ನೆಯ ಫೆಬ್ರವರಿ ೧೫ರಂದು ಸಿಂಗಪುರವು ಜಪಾನೀಯರ ವಶವಾಗಲು, ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ನಡುವಣ ವಿಮಾನಸಂಚಾರವು ಕಡಿದುಹೋಯಿತು. ಈ ಸಂಬಂಧವನ್ನು ಮರಳಿ ಕೂಡಿಸುವುದಕ್ಕಾಗಿ ೧೯೪೩ರಲ್ಲಿ ಕ್ವಾಂಟಾಸ್ ಸಂಸ್ಥೆಯವರು ಪರ್ತ್ ನಗರದ ಸ್ವಾನ್ ನದಿಯಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ, ನಡುವೆ ಎಲ್ಲಿಯೂ ಇಳಿಯದ ಹೊಸ ಮಾರ್ಗವೊಂದನ್ನು ಏರ್ಪಡಿಸಿದರು. ನೀರಿನ ಮೇಲೆ ಇಳಿಯಬಲ್ಲ ಐದು ಕ್ಯಾಟಲೀನ ವಿಮಾನಗಳು ಈ ಕಾರ್ಯಕ್ಕೆ ನಿಯುಕ್ತವಾದುವು. ಅವುಗಳಿಗೆ ನಕ್ಷತ್ರಗಳ ಹೆಸರುಗಳನ್ನಿಟ್ಟಿದ್ದುದು ಅನ್ವರ್ಥವೇ ಆಗಿದ್ದಿತು. ಏಕೆಂದರೆ ಶತ್ರುಭಯದಿಂದ ರೇಡಿಯೋ ಮೌನವಾಗಿರುತ್ತಿದ್ದುದರಿಂದ, ರಾತ್ರಿಯಲ್ಲಿ ನಕ್ಷತ್ರಗಳೇ ದಾರಿ ತೋರಬೇಕಾಗಿದ್ದಿತು.

ಪ್ರಯಾಣಕ್ಕೆ ೨೭ರಿಂದ ೩೩ ಘಂಟೆಗಳು ಹಿಡಿಯುತ್ತಿದ್ದುವು. ಒಂದೇ ಪ್ರಯಾಣದಲ್ಲಿ ಎರಡು ಬಾರಿ ಸೂರ್ಯೋದಯವನ್ನು ಕಾಣುತ್ತಿದ್ದುದರಿಂದ ಈ ಮಾರ್ಗಕ್ಕೆ 'ಎರಡು ಸೂರ್ಯೋದಯ'ದ ಹೆಸರು ಬಂದಿತು. ಇಂಧನದ ಭಾರವೇ ಅಧಿಕವಾದ ಕಾರಣ ಮೂವರು ಪ್ರಯಾಣಿಕರಿಗೂ ೬೯ ಕಿಲೋಗ್ರಾಂ ಅಂಚೆಗೂ ಮಾತ್ರ ಅವಕಾಶವಿದ್ದಿತು.

ಇನ್ನು ದೂರದ ವಿಚಾರ. ಈ ಮಾರ್ಗದ ದೂರವನ್ನು ೩,೫೧೩ ಮೈಲಿಯೆಂದು ಹೇಳುವುದು ರೂಢಿ. ಇದನ್ನು ನಾವಿಕ ಮೈಲಿಯೆಂದು ಬರೆದಿರುವುದೂ ಉಂಟು. ಹಾಗಾದರೆ ದೂರವು ೬,೫೦೬ ಕಿಲೋಮೀಟರುಗಳಾಗುತ್ತದೆ. ಭೂಮೈಲಿಯಾದರೆ ಸುಮಾರು ೫,೬೫೦ ಮಾತ್ರ. ಎಂಟುನೂರಕ್ಕೂ ಮಿಕ್ಕ ಈ ಅಂತರವು ಉಪೇಕ್ಷಣೀಯವಲ್ಲ.

ನಿರ್ಣಯಕ್ಕೆ ಎರಡು ಸಾಧನಗಳಿವೆ. ಮೊದಲನೆಯದು ಗಣಿತ. ಪರ್ತ್ ದಕ್ಷಿಣ ಅಕ್ಷಾಂಶ ೩೨ ಡಿಗ್ರಿಯ ಬಳಿಯಲ್ಲಿಯೂ, ಕೊಗ್ಗಲವು ಉತ್ತರ ಅಕ್ಷಾಂಶ ೬ ಡಿಗ್ರಿಯ ಬಳಿಯಲ್ಲಿಯೂ ಇವೆ. ರೇಖಾಂಶಗಳ ವ್ಯತ್ಯಾಸವು ಸುಮಾರು ೩೫ೂವರೆ ಡಿಗ್ರಿ. ಇವುಗಳಿಂದ ಭೂಗೋಳದ ಮೇಲಣ ಮಹಾವೃತ್ತದ ಚಾಪವನ್ನು ಗುಣಿಸಿದರೆ ಸುಮಾರು ೫೦.೮ ಡಿಗ್ರಿ, ಎಂದರೆ ೫,೬೫೦ ಕಿಲೋಮೀಟರುಗಳು ಬರುತ್ತವೆ. ಎರಡನೆಯದು ವೇಗ. ಕ್ಯಾಟಲೀನದ ಸಾಧಾರಣ ವೇಗವು ಘಂಟೆಗೆ ಸುಮಾರು ೧೨೫ ಭೂಮೈಲಿ. ಈ ವೇಗದಲ್ಲಿ ೨೮ ಘಂಟೆಗಳಿಗೆ ೩,೫೦೦ ಮೈಲಿಗಳಾಗುತ್ತವೆ. ದೂರವು ನಾವಿಕ ಮೈಲಿಗಳಲ್ಲಿದ್ದಿದ್ದರೆ, ೨೭ ಘಂಟೆಗಳಲ್ಲಿ ಸೇರುವುದಕ್ಕೆ ೧೫೦ ಭೂಮೈಲಿಗಳ ವೇಗವು ಬೇಕಾಗುತ್ತಿದ್ದಿತು; ತುಂಬು ಭಾರವನ್ನು ಹೊತ್ತ ಆ ವಿಮಾನಕ್ಕೆ ಇದು ಸಹಜವಲ್ಲ. ಗಾಳಿಯು ಅನುಕೂಲವಾಗಿಯೋ ಪ್ರತಿಕೂಲವಾಗಿಯೋ ಬೀಸಿದಂತೆ ಕಾಲವು ಹೆಚ್ಚುಕಡಮೆಯಾಗುತ್ತಿದ್ದಿತೆಂಬುದು ದಿಟ. ಆದರೂ ಎರಡು ಪ್ರಮಾಣಗಳೂ ಒಂದೇ ಕಡೆಗೆ ಕೈತೋರುವುದರಿಂದ, ಈ ಸಂಖ್ಯೆಯನ್ನು ಭೂಮೈಲಿಯೆಂದೇ ಗ್ರಹಿಸತಕ್ಕದ್ದು.

೧೯೪೫ರ ಜುಲೈವರೆಗೆ ಈ ವಿಮಾನಗಳು ೨೭೧ ಬಾರಿ ಹಿಂದೂಮಹಾಸಾಗರವನ್ನು ದಾಟಿದುವು, ಒಂದಾದರೂ ನಷ್ಟವಾಗಲಿಲ್ಲ. ೨೦೧೮ನೆಯ ಮಾರ್ಚಿಯಲ್ಲಿ ಅದೇ ಸಂಸ್ಥೆಯು ಪರ್ತಿನಿಂದ ಲಂಡನ್ನಿಗೆ ನಡುವೆ ಇಳಿಯದ ಸಂಚಾರವನ್ನು ಆರಂಭಿಸಿತು. ೧೪,೪೯೮ ಕಿಲೋಮೀಟರುಗಳ ಆ ದಾರಿಗೆ ಸುಮಾರು ೧೭ ಘಂಟೆಗಳೇ ಸಾಕು. ದೂರವು ಎರಡೂವರೆ ಪಾಲಿಗಿಂತ ಹೆಚ್ಚು. ಕಾಲವಾದರೋ ಬಹುಮಟ್ಟಿಗೆ ಅರ್ಧ. ಹಿಂದಿನವರ ಸಾಹಸವನ್ನು ಕೊಂಡಾಡುವುದಕ್ಕೆ ಅಂಕಿಗಳನ್ನು ಹಿಗ್ಗಿಸಬೇಕಾದುದಿಲ್ಲ. ಸರಿಯಾದ ಅಳತೆಯಲ್ಲಿಯೇ ಅದರ ಹಿರಿಮೆಯು ತೋರುತ್ತದೆ.